ಗೇಮಿಂಗ್ ಕಂಪ್ಯೂಟರ್: ಇರುವ ದುಡ್ಡು ಎಲ್ಲಿಗೆ ಹೋಗಬೇಕು?

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪಗಳ ಕ್ಯಾಬಿನೆಟ್. ಗೇಮಿಂಗ್ ಪಿಸಿ ಬರೀ ₹22,000!’ ಇಂಥ ಜಾಹೀರಾತು ಮೊಬೈಲಿನಲ್ಲಿ ದಿನವೂ ಕಾಣಿಸುತ್ತದೆ. ಮಕ್ಕಳು ತೋರಿಸುತ್ತಾರೆ, ಅಪ್ಪ ಅಮ್ಮ ಲೆಕ್ಕ ಹಾಕುತ್ತಾರೆ, ಲ್ಯಾಪ್‌ಟಾಪಿಗಿಂತ ಅಗ್ಗವಲ್ಲವೇ ಎಂದು ಒಪ್ಪಿಯೂ ಬಿಡುತ್ತಾರೆ. ಆ ಪೆಟ್ಟಿಗೆಯೊಳಗೆ ಏನಿರುತ್ತದೆ ಎಂಬುದನ್ನು ಮೊದಲು ನೋಡೋಣ.

ಆ ಬೆಲೆಗೆ ಸಿಗುವ ಐ7 ಸಾಮಾನ್ಯವಾಗಿ ಮೂರನೇ ತಲೆಮಾರಿನ ಐ7-3770. ಇಂಟೆಲ್ ಅದನ್ನು ಬಿಡುಗಡೆ ಮಾಡಿದ್ದು 2012ರಲ್ಲಿ. ‘4 ಜಿಬಿ ಗ್ರಾಫಿಕ್ಸ್’ ಎಂದರೆ ಬಹುತೇಕ 2014ರ ಜಿಟಿ 730. ರ‍್ಯಾಮ್ ಡಿಡಿಆರ್3. 2022ರಲ್ಲಿ ಬಂದ ಐ3-12100ಎಫ್ ಹೆಸರಿನಲ್ಲಿ ಐ7ಗಿಂತ ಎರಡು ಮೆಟ್ಟಿಲು ಕೆಳಗಿದೆ. ಅದರಲ್ಲಿಯೂ ನಾಲ್ಕೇ ಕೋರ್‌ಗಳಿವೆ. ಆದರೂ ಆಟದಲ್ಲಿ ಅದು ಆ ಹಳೆಯ ಐ7 ಅನ್ನು ಬಹಳ ಹಿಂದೆ ಬಿಡುತ್ತದೆ. ಆ ಹಳೆಯ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಬೇಕು. ಯಾವ ಆಟಕ್ಕೆಂದು ದುಡ್ಡು ಕೂಡಿಟ್ಟರೋ ಆ ಆಟವೇ ತೆರೆಯದ ಕಂಪ್ಯೂಟರ್ ಮನೆಗೆ ಬಂದಿರಬಹುದು.

ಎರಡು ಲಕ್ಷ ಇಟ್ಟುಕೊಂಡವರು ಒಂದೆರಡು ಕಡೆ ಎಡವಿದರೂ ಯಂತ್ರ ಓಡುತ್ತದೆ. ಐವತ್ತು ಅರವತ್ತು ಸಾವಿರ ಇಟ್ಟುಕೊಂಡವರಿಗೆ ಆ ಅನುಕೂಲವಿಲ್ಲ. ಅವರ ಪ್ರತಿ ಸಾವಿರ ರೂಪಾಯಿಯೂ ಆಟದ ವೇಗಕ್ಕೋ ಯಂತ್ರದ ಬಾಳಿಕೆಗೋ ಸಲ್ಲಬೇಕು. ಹೆಸರಿಗೆ, ದೀಪಕ್ಕೆ, ಗಾಜಿಗೆ ಹೋಗಬಾರದು. ಹಾಗೆ ಸಲ್ಲುವಂತೆ ಮಾಡಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಕೆಲವು ವಿಷಯ ಗೊತ್ತಿದ್ದರೆ ಸಾಕು.

ಮೊದಲು ಆಟ, ಆಮೇಲೆ ಯಂತ್ರ

ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಆಡುವುದು ಯಾವ ಆಟ? ನೋಡುವುದು ಯಾವ ಪರದೆಯಲ್ಲಿ?

ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಇವು ಹಗುರ ಆಟಗಳು. ಸಾಧಾರಣ ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಚೆನ್ನಾಗಿ ಓಡುತ್ತವೆ. ಸೈಬರ್‌ಪಂಕ್ 2077, ಬ್ಲ್ಯಾಕ್ ಮಿತ್: ವುಕಾಂಗ್‌ನಂಥವು ಭಾರದ ಆಟಗಳು, ಅವುಗಳ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಮಗಳು ಆಡುವುದು ವ್ಯಾಲೊರಂಟ್ ಒಂದನ್ನೇ ಎಂದಾದರೆ ಅರವತ್ತು ಸಾವಿರ ಖರ್ಚು ಮಾಡುವ ಅಗತ್ಯವೇ ಇಲ್ಲ.

ಪರದೆಯ ಲೆಕ್ಕ ಇನ್ನೂ ಸರಳ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 2560×1440 ಪರದೆಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ ಮೊದಲಿನದರ ನಾಲ್ಕು ಪಟ್ಟು. ಒಂದು ಸೆಕೆಂಡಿಗೆ ಅರವತ್ತೋ ನೂರೋ ಸಲ ಅಷ್ಟೂ ಚುಕ್ಕೆಗಳಿಗೆ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಹೀಗಾಗಿ ಬಜೆಟ್ ಕಡಿಮೆ ಇರುವವರಿಗೆ 24 ಇಂಚಿನ 1080ಪಿ ಮಾನಿಟರ್ ಸರಿಯಾದ ಆಯ್ಕೆ. ಇದರಲ್ಲಿ ಕೀಳರಿಮೆ ಪಡುವಂಥದ್ದೇನೂ ಇಲ್ಲ. ಕಂಪ್ಯೂಟರ್ ಆಟಗಳನ್ನು ಮಾರುವ ತಾಣವಾದ ಸ್ಟೀಮ್‌ನ ಸಮೀಕ್ಷೆಯಲ್ಲಿಯೂ ಅತಿ ಹೆಚ್ಚು ಜನರು ಬಳಸುವ ಪರದೆ ಇದೇ. 60 ಹರ್ಟ್ಸ್ ಬದಲು 100ರಿಂದ 144 ಹರ್ಟ್ಸ್‌ನ ಐಪಿಎಸ್ ಮಾನಿಟರ್ ಸಿಕ್ಕರೆ ಶೂಟಿಂಗ್ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ದುಡ್ಡಿನ ಹಂಚಿಕೆ

ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು ಬರೀ ಪೆಟ್ಟಿಗೆಗೆ ₹60,000 ಇದೆ ಎಂದುಕೊಳ್ಳೋಣ. ನಾನು ಹಂಚುವುದು ಹೀಗೆ: ಗ್ರಾಫಿಕ್ಸ್ ಕಾರ್ಡಿಗೆ 22ರಿಂದ 24 ಸಾವಿರ, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡಕ್ಕೂ ಸೇರಿ 16ರಿಂದ 17 ಸಾವಿರ, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 12 ಸಾವಿರ, ಎಲ್ಲ ಭಾಗಗಳಿಗೂ ಕರೆಂಟು ಕೊಡುವ ಎಸ್‌ಎಂಪಿಎಸ್‌ಗೆ 4 ಸಾವಿರ, ಕ್ಯಾಬಿನೆಟ್ಟಿಗೆ 3 ಸಾವಿರ. ಇದು ಅಂಗಡಿಯ ದರಪಟ್ಟಿಯಲ್ಲ. ಬಿಡಿಭಾಗಗಳ ಬೆಲೆ ವಾರ ವಾರಕ್ಕೂ ಬದಲಾಗುತ್ತದೆ. ಹಂಚಿಕೆಯ ಪ್ರಮಾಣ ಮಾತ್ರ ಅಷ್ಟು ಬೇಗ ಬದಲಾಗದು. ಐವತ್ತು ಸಾವಿರವಿದ್ದರೂ ಎಂಬತ್ತು ಸಾವಿರವಿದ್ದರೂ ಒಟ್ಟು ಮೊತ್ತದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಅಂಗಡಿಯವರು ಕೊಟ್ಟ ಕೊಟೇಶನ್‌ನಲ್ಲಿ ಕ್ಯಾಬಿನೆಟ್ಟು, ಫ್ಯಾನು, ಕೂಲರ್‌ಗಳ ಮೊತ್ತ ಹತ್ತು ಸಾವಿರ ಮುಟ್ಟಿ, ಕಾರ್ಡಿನ ಬೆಲೆ ಹದಿನೈದು ಸಾವಿರದಲ್ಲೇ ನಿಂತಿದ್ದರೆ ಆ ಪಟ್ಟಿಯನ್ನು ವಾಪಸ್ ಕೊಡಿ.

ಕಾರ್ಡಿನ ಪೂರ್ತಿ ಹೆಸರು ಓದಿ

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಹೆಚ್ಚಿನವರು ಮೋಸ ಹೋಗುವುದು ‘ಎಷ್ಟು ಜಿಬಿ’ ಎಂಬ ಒಂದೇ ಪ್ರಶ್ನೆಯಿಂದ. ಕಾರ್ಡಿನ ಮೆಮೊರಿ ಬೇರೆ, ಅದರ ಶಕ್ತಿ ಬೇರೆ. ಕಣಜ ದೊಡ್ಡದಿದ್ದ ಮಾತ್ರಕ್ಕೆ ಬೆಳೆ ಹೆಚ್ಚಾಗುವುದಿಲ್ಲ. ಜಿಟಿ 730ರಲ್ಲಿ 4 ಜಿಬಿ ಇದ್ದರೂ ಇಂದಿನ ಭಾರದ ಆಟ ಓಡಿಸುವ ತಾಕತ್ತು ಅದಕ್ಕಿಲ್ಲ.

ಒಂದೇ ಹೆಸರಿನ ಎರಡು ಕಾರ್ಡುಗಳೂ ಇರುತ್ತವೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಇದಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2,560 ಕೋರ್‌ಗಳು, 128 ಬಿಟ್‌ನ ಮೆಮೊರಿ ದಾರಿ. 2024ರಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ ಕೋರ್‌ಗಳು 2,304ಕ್ಕೆ ಇಳಿದವು, ಮೆಮೊರಿ ದಾರಿ 96 ಬಿಟ್‌ಗೆ ಕಿರಿದಾಯಿತು. ಕಡಿಮೆಯಾದದ್ದು 2 ಜಿಬಿ ಮಾತ್ರ ಎಂದು ಕೊಳ್ಳುವವರು ತಿಳಿಯುತ್ತಾರೆ. ನಿಜದಲ್ಲಿ ವೇಗವೇ ಒಂದು ಹಂತ ಇಳಿದಿರುತ್ತದೆ. ಆದ್ದರಿಂದ ಕಾರ್ಡಿನ ಹೆಸರು, ಮೆಮೊರಿ, ಬಂದ ವರ್ಷ ಮೂರನ್ನೂ ಬರೆದುಕೊಂಡು, ನೀವು ಆಡುವ ಆಟ ಆ ಕಾರ್ಡಿನಲ್ಲಿ 1080ಪಿಯಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಕೊಡುತ್ತದೆ ಎಂದು ಪರೀಕ್ಷೆಯ ವಿಡಿಯೊ ನೋಡಿ. ಸರಾಸರಿ 60 ದಾಟಿದರೆ ಕಥೆಯ ಆಟಗಳಿಗೆ ಸಾಕು.

ಹೊಸ ಕಾರ್ಡು ಕೊಳ್ಳುವವರಿಗೆ 8 ಜಿಬಿಗಿಂತ ಕಡಿಮೆ ಮೆಮೊರಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಈಚಿನ ಆಟಗಳ ಚಿತ್ರಸಾಮಗ್ರಿ ಅಷ್ಟು ಹಿಗ್ಗಿದೆ. ಬಡವರ ಪಾಲಿಗೆ ಇಷ್ಟು ವರ್ಷ ಆಸರೆಯಾಗಿರುವುದು ಎಎಂಡಿಯ ಆರ್‌ಎಕ್ಸ್ 6600. 2021ರ ಕಾರ್ಡಾದರೂ 8 ಜಿಬಿ ಮೆಮೊರಿ ಇದೆ, 132 ವಾಟ್ ಮಾತ್ರ ಬೇಡುತ್ತದೆ, 8 ಜಿಬಿಯ ಆರ್‌ಟಿಎಕ್ಸ್ 3050ಗಿಂತ ಆಟದಲ್ಲಿ ಸ್ಪಷ್ಟವಾಗಿ ಮುಂದಿದೆ. ಸಿಗದಿದ್ದರೆ 2023ರ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಅಥವಾ 2025ರ ಆರ್‌ಟಿಎಕ್ಸ್ 5060 ಮುಂದಿನ ಮೆಟ್ಟಿಲುಗಳು. ಆಟದ ಜೊತೆಗೆ ಬ್ಲೆಂಡರ್, ವಿಡಿಯೊ ಎಡಿಟಿಂಗ್ ಕಲಿಯುವವರಿಗೆ ಎನ್‌ವಿಡಿಯಾ ಕಾರ್ಡು ಹೆಚ್ಚು ಅನುಕೂಲ. ಇಂಟೆಲ್‌ನ ಆರ್ಕ್ ಬಿ580ಯಲ್ಲಿ 12 ಜಿಬಿ ಮೆಮೊರಿ ಇದೆ, ಬೆಲೆಗೆ ಅದು ದೊಡ್ಡ ಕೊಡುಗೆ. ಆದರೆ ಹಳೆಯ, ನಿಧಾನದ ಪ್ರೊಸೆಸರಿನ ಜೊತೆ ಅದರ ವೇಗ ಕುಸಿಯುತ್ತದೆ. ಹೊಸ ಪ್ರೊಸೆಸರ್ ಇದ್ದವರಿಗೆ ಮಾತ್ರ ಅದು ಒಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’, 2025ರ ‘ಡೂಮ್: ದ ಡಾರ್ಕ್ ಏಜಸ್’ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ) ಸಾಮರ್ಥ್ಯದ ಕಾರ್ಡು ಕಡ್ಡಾಯ. ಜಿಟಿಎಕ್ಸ್ 1650, ಆರ್‌ಎಕ್ಸ್ 580ರಂಥ ಹಳೆಯ ಜನಪ್ರಿಯ ಕಾರ್ಡುಗಳು ಈ ಬಾಗಿಲ ಹೊರಗೇ ಉಳಿದವು. ಮುಂದೆ ಇಂಥ ಆಟಗಳು ಹೆಚ್ಚಲಿವೆ ಎಂಬುದನ್ನು ನೆನಪಿಡಿ.

ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ

1080ಪಿ ಆಟಕ್ಕೆ ಆರು ಕೋರ್‌ಗಳ ಪ್ರೊಸೆಸರ್ ಸಾಕು. ರೈಜೆನ್ 5 5600, ಐ5-12400ಎಫ್ ಎರಡೂ 2022ರಿಂದ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ. ಐ7, ರೈಜೆನ್ 7 ಎಂಬ ಹೆಸರಿಗಾಗಿ ಏಳೆಂಟು ಸಾವಿರ ಹೆಚ್ಚು ಕೊಟ್ಟು, ಅದನ್ನು ಕಾರ್ಡಿನ ಪಾಲಿನಿಂದ ಕಡಿಯುವುದು ನಷ್ಟದ ವ್ಯಾಪಾರ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡಿಲ್ಲದೆ ಪರದೆಯಲ್ಲಿ ಏನೂ ಮೂಡದು.

ಈಗ ಕಾರ್ಡಿಗೆ ದುಡ್ಡೇ ಇಲ್ಲ ಎನ್ನುವವರಿಗೂ ಒಂದು ದಾರಿ ಇದೆ. ಎಎಂಡಿಯ ರೈಜೆನ್ 5 5600ಜಿ, 8600ಜಿ ಪ್ರೊಸೆಸರುಗಳ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆ. ಹಗುರ ಆಟಗಳನ್ನು ಅದರಲ್ಲೇ ಆಡುತ್ತಾ, ವರ್ಷದ ಮೇಲೆ ಕಾರ್ಡು ಸೇರಿಸಬಹುದು. 5600ಜಿ ಕೂರುವ ಎಎಂ4 ಬೋರ್ಡು ಅಗ್ಗ, ಆದರೆ ಆ ದಾರಿ ಮುಗಿಯುತ್ತಾ ಬಂದಿದೆ. 8600ಜಿ ಕೂರುವ ಎಎಂ5 ಬೋರ್ಡಿಗೆ ಮುಂದೆಯೂ ಹೊಸ ಪ್ರೊಸೆಸರುಗಳನ್ನು ಹಾಕಬಹುದು. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು.

ರ‍್ಯಾಮ್ ಇಂದು ಬಜೆಟ್ಟಿನ ದೊಡ್ಡ ತಲೆನೋವು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಭಾರಿ ಪ್ರಮಾಣದಲ್ಲಿ ಕೊಳ್ಳುತ್ತಿರುವುದರಿಂದ ತಯಾರಕರು ಆ ಕಡೆಗೇ ವಾಲಿದ್ದಾರೆ. 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ‘ಕ್ರೂಶಿಯಲ್’ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಿರುವಾಗ ಮನೆಯಲ್ಲಿರುವ ಡಿಡಿಆರ್4 ರ‍್ಯಾಮನ್ನು ಎಸೆಯಬೇಡಿ, ಮಾರಬೇಡಿ. 2018ರ ಬಿ450 ಬೋರ್ಡಿನ ಹಳೆಯ ರೈಜೆನ್ ಕಂಪ್ಯೂಟರ್ ಮನೆಯಲ್ಲಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಸಿ ರೈಜೆನ್ 5 5600 ಹಾಕಿಸಿ, ಒಂದು ಕಾರ್ಡು ಸೇರಿಸಿ. ಹೊಸ ಪೆಟ್ಟಿಗೆಯ ಸುಮಾರು ಅರ್ಧ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಹೊಸದಾಗಿ ಕೊಳ್ಳುವುದಾದರೆ 16 ಜಿಬಿ ಇರಲಿ, ಸಾಧ್ಯವಾದರೆ 8 ಜಿಬಿಯ ಎರಡು ಕಡ್ಡಿಗಳಾಗಿ ಇರಲಿ. ಎರಡು ಕಡ್ಡಿ ಇದ್ದರೆ ಪ್ರೊಸೆಸರಿಗೆ ಎರಡು ದಾರಿಗಳಿಂದ ಮಾಹಿತಿ ಬರುತ್ತದೆ. ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡವರಿಗೆ ಇದು ತುಂಬಾ ಮುಖ್ಯ, ಏಕೆಂದರೆ ಅವರ ಗ್ರಾಫಿಕ್ಸ್ ಮೆಮೊರಿಯೂ ಅದೇ ರ‍್ಯಾಮ್.

ಹಾರ್ಡ್‌ಡಿಸ್ಕಿನಲ್ಲಿ ಆಟ ಆಡುವ ಕಾಲ ಮುಗಿಯಿತು. ಬಾಲ್ಡರ್ಸ್ ಗೇಟ್ 3 ಆಟ ಎಸ್‌ಎಸ್‌ಡಿ ಬೇಕೆಂದೇ ಹೇಳುತ್ತದೆ, 150 ಜಿಬಿ ಜಾಗ ಕೇಳುತ್ತದೆ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಕನಿಷ್ಠ. 1 ಟಿಬಿ ಸಿಕ್ಕರೆ ನೆಮ್ಮದಿ.

ಎಸ್‌ಎಂಪಿಎಸ್ ಮತ್ತು ಮನೆಯ ಕರೆಂಟು

ಇಷ್ಟೆಲ್ಲ ಹೇಳಿದ ಮೇಲೂ ಒಂದೇ ಮಾತು ನೆನಪಿಟ್ಟುಕೊಳ್ಳಿ ಎಂದರೆ ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಬೇಡ ಎಂಬ ಮಾತು. ಅಗ್ಗದ ಕ್ಯಾಬಿನೆಟ್ಟಿನ ಜೊತೆ ಬರುವ ಎಸ್‌ಎಂಪಿಎಸ್ ಮೇಲೆ ‘500 ವಾಟ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದರ ಪಕ್ಕದ ಚೀಟಿಯನ್ನು ಓದಿ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಕರೆಂಟು ಹೋಗುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನಲ್ಲಿ 18 ಆಂಪಿಯರ್ ಎಂದಿದ್ದರೆ, ಹದಿನೆಂಟನ್ನು ಹನ್ನೆರಡರಿಂದ ಗುಣಿಸಿ: 216 ವಾಟ್. ಅದರ ನಿಜವಾದ ಶಕ್ತಿ ಅಷ್ಟೇ. ಭಾರ ಹೆಚ್ಚಾದಾಗ, ಕರೆಂಟು ಏರುಪೇರಾದಾಗ ತಾನಾಗಿ ಆಫ್ ಆಗುವ ರಕ್ಷಣೆಯೂ ಇಂಥವುಗಳಲ್ಲಿ ಸರಿಯಾಗಿ ಇರುವುದಿಲ್ಲ. ಅದು ಸುಟ್ಟಾಗ ಒಂದೇ ಸುಡುವುದಿಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಹಾಗೆಂದು 750 ವಾಟ್‌ನದ್ದೂ ಬೇಡ. ಆರ್‌ಎಕ್ಸ್ 6600ಕ್ಕೆ ಎಎಂಡಿ ಹೇಳುವುದು 450 ವಾಟ್‌ನ ಎಸ್‌ಎಂಪಿಎಸ್. ಹೆಸರುವಾಸಿ ಕಂಪನಿಯ, ‘80 ಪ್ಲಸ್ ಬ್ರಾಂಜ್’ ಗುರುತಿನ, ಮೂರರಿಂದ ಐದು ವರ್ಷ ವಾರಂಟಿಯ 550 ವಾಟ್‌ನದ್ದು ಇಂದಿಗೂ ಸಾಕು, ನಾಳೆ ಕಾರ್ಡು ಬದಲಿಸಿದರೂ ಸಾಕು.

ನಮ್ಮ ಊರುಗಳ ಕರೆಂಟಿನ ಸ್ಥಿತಿ ಎಲ್ಲರಿಗೂ ಗೊತ್ತು. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್ ಮಾತ್ರ. ಆಟ ನಡೆಯುತ್ತಿರುವಾಗ ಪೆಟ್ಟಿಗೆ ಮತ್ತು ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ. 1,000 ವಿಎ ಆಸುಪಾಸಿನದು ಕ್ಷೇಮ. ಮನೆಯ ಇನ್ವರ್ಟರಿಗೆ ಜೋಡಿಸುವವರು ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಇಲ್ಲವಾದರೆ ಕರೆಂಟು ಹೋದ ಕ್ಷಣ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಹಳೆಯ ಮನೆಗಳಲ್ಲಿ ಪ್ಲಗ್‌ನ ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಮಲೆನಾಡು, ಕರಾವಳಿಯವರು ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಂಭಾಗ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಧೂಳು ತೆಗೆಯಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಸೆಕೆಂಡ್ ಹ್ಯಾಂಡ್ ಎಂದರೆ ಹೆದರಬೇಕಿಲ್ಲ, ನೋಡಿ ಕೊಳ್ಳಬೇಕು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ಜಾಲ ತನ್ನ ವಿಧಾನ ಬದಲಿಸಿಕೊಂಡಿತು; ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಗಣಿಗಾರಿಕೆ ಮಾಡುವುದು ಅಲ್ಲಿಗೆ ನಿಂತಿತು. ಹಗಲಿರುಳು ದುಡಿದ ಕಾರ್ಡುಗಳು ಆಗ ಮಾರುಕಟ್ಟೆಗೆ ಬಂದವು, ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ. ಆದ್ದರಿಂದ ಕಾರ್ಡನ್ನು ಕಣ್ಣೆದುರಿಗೆ ಅರ್ಧ ಗಂಟೆ ಓಡಿಸಿ ನೋಡಿ. ಬಿಸಿ ಎಷ್ಟೇರುತ್ತದೆ, ಫ್ಯಾನ್ ಸದ್ದು ಹೇಗಿದೆ, ಚಿತ್ರ ಹರಿಯುತ್ತದೆಯೇ ಎಂದು ಗಮನಿಸಿ. ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರುವವರೂ ಇದ್ದಾರೆ. ‘ಜಿಪಿಯು-ಝಡ್’ ಎಂಬ ಉಚಿತ ತಂತ್ರಾಂಶ ಇಂಥ ಅನೇಕ ನಕಲಿಗಳನ್ನು ಹಿಡಿದುಕೊಡುತ್ತದೆ. ಜಿಟಿಎಕ್ಸ್ 900, 1000 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿದೆ. ಅವು ಎಷ್ಟೇ ಅಗ್ಗವಾದರೂ ಈಗ ಕೊಳ್ಳುವುದು ಬೇಡ.

ಅತಿ ಕಡಿಮೆ ದುಡ್ಡಿರುವವರಿಗೆ ಕಚೇರಿಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಒಳ್ಳೆಯ ಬುನಾದಿ. ಎಂಟನೇ ತಲೆಮಾರಿನ ಇಂಟೆಲ್ ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಅಲ್ಲಿಂದಾಚೆ. ಐ5-8500 ಇದ್ದರೆ ಆರು ಕೋರ್‌ಗಳು ಸಿಕ್ಕ ಹಾಗೆ. ಇವುಗಳ ಎಸ್‌ಎಂಪಿಎಸ್ ಚಿಕ್ಕದು, ಕಾರ್ಡಿಗೆ ಬೇರೆ ಕೇಬಲ್ ಇರುವುದಿಲ್ಲ. ಹಾಗಾಗಿ ಬೋರ್ಡಿನಿಂದಲೇ ಕರೆಂಟು ಪಡೆಯುವ, 70 ವಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡು, 8 ಜಿಬಿಯ ನಿಯಮಕ್ಕೆ ಹೊರತಾಗಿ, ಇಲ್ಲಿ ತನ್ನ ಜಾಗ ಕಂಡುಕೊಳ್ಳುತ್ತದೆ. ಪೆಟ್ಟಿಗೆ ತೆಳ್ಳಗಿನದಾದರೆ ಗಿಡ್ಡ ಗಾತ್ರದ ಕಾರ್ಡನ್ನೇ ಕೇಳಿ.

ಹಾಸ್ಟೆಲಿನಲ್ಲಿ ಓದುವವರಿಗೆ ಲ್ಯಾಪ್‌ಟಾಪ್ ಅನಿವಾರ್ಯ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಗ್ರಾಫಿಕ್ಸ್‌ಗೆ ಎಷ್ಟು ವಾಟ್?’ ಎಂಬುದು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4050 ಎಂಬ ಒಂದೇ ಚಿಪ್ಪನ್ನು ಕಂಪನಿಗಳು 35 ವಾಟ್‌ನಿಂದ 115 ವಾಟ್‌ವರೆಗೆ ತಮಗೆ ಬೇಕಾದಂತೆ ಕೂರಿಸುತ್ತವೆ. ವಾಟ್ ಕಡಿಮೆಯಾದಷ್ಟೂ ವೇಗ ಕಡಿಮೆ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಅಂಗಡಿಗೆ ಹೋಗಿ ಮುಗಿಸಬೇಡಿ. ಮೂರು ನಾಲ್ಕು ಕಡೆ ಮಾಡೆಲ್ ನಂಬರ್ ಸಹಿತ ಕೊಟೇಶನ್ ಬರೆಸಿಕೊಂಡು, ಆನ್‌ಲೈನ್ ಬೆಲೆಯ ಪಕ್ಕ ಇಟ್ಟು ನೋಡಿ. ‘16 ಜಿಬಿ ರ‍್ಯಾಮ್’, ‘500 ವಾಟ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದ ಕೊಟೇಶನ್ ಕೊಟೇಶನ್ನೇ ಅಲ್ಲ. ಕಂಪನಿ, ಮಾಡೆಲ್ ಎರಡೂ ಇರಬೇಕು. ಬಿಲ್ ಇಲ್ಲದಿದ್ದರೆ ಬೆಲೆ ಇಳಿಸುತ್ತೇನೆ ಎನ್ನುವ ಮಾತಿಗೆ ಒಪ್ಪಬೇಡಿ. ಬಿಡಿಭಾಗಗಳಿಗೆ ಶೇ 18ರಷ್ಟು ಜಿಎಸ್‌ಟಿ ಇದೆ, ನಿಜ. ಆದರೆ ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ವಾರಂಟಿಯ ಬಾಗಿಲು ತಟ್ಟುವುದು ಕಷ್ಟ. ಪ್ರೊಸೆಸರ್ ಡಬ್ಬಿಯಲ್ಲಿ ಬರುವುದೋ ಬಿಡಿಯಾಗಿ ಬರುವುದೋ ಕೇಳಿ. ಬಿಡಿಯಾಗಿ ಬರುವುದರಲ್ಲಿ ಕೂಲರ್ ಇರುವುದಿಲ್ಲ, ಕಂಪನಿಯ ನೇರ ವಾರಂಟಿಯೂ ಸಿಗದಿರಬಹುದು. ಅಸೆಂಬಲ್ ಮಾಡಿದ ಮೇಲೆ ಖಾಲಿ ಡಬ್ಬಿಗಳನ್ನೆಲ್ಲ ಮನೆಗೆ ತನ್ನಿ. ವಿಂಡೋಸ್‌ನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಲಿನಕ್ಸ್‌ನಲ್ಲಿ ಸ್ಟೀಮ್‌ನ ಬಹಳಷ್ಟು ಆಟಗಳು ಇಂದು ಚೆನ್ನಾಗಿ ನಡೆಯುತ್ತವೆ, ದುಡ್ಡೂ ಉಳಿಯುತ್ತದೆ. ವ್ಯಾಲೊರಂಟ್ ಮಾತ್ರ ಅಲ್ಲಿ ನಡೆಯದು.

ಮನೆಗೆ ತಂದ ಮೇಲೆ ಪೈಸೆ ಖರ್ಚಿಲ್ಲದೆ ವೇಗ ಪಡೆಯುವ ನಾಲ್ಕು ಕೆಲಸಗಳಿವೆ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 60 ಹರ್ಟ್ಸ್‌ನಲ್ಲಿ ನಿಂತಿರುವ ಪರದೆಯನ್ನು 144ಕ್ಕೆ ಏರಿಸಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ. ಅಲ್ಲಿಯವರೆಗೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಭಾರದ ಆಟಗಳಲ್ಲಿ ಎಫ್‌ಎಸ್‌ಆರ್ ಅಥವಾ ಡಿಎಲ್‌ಎಸ್‌ಎಸ್ ಬಳಸಿ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಪರದೆಗೆ ತಕ್ಕಂತೆ ಹಿಗ್ಗಿಸುವ ಈ ತಂತ್ರಗಳು ಸಾಧಾರಣ ಕಾರ್ಡಿನ ಆಯುಸ್ಸನ್ನು ಒಂದೆರಡು ವರ್ಷ ಹೆಚ್ಚಿಸುತ್ತವೆ.

ತಂದೆ ತಾಯಿಯರಲ್ಲಿ ಒಂದು ವಿನಂತಿ. ಗೇಮಿಂಗ್ ಕಂಪ್ಯೂಟರ್ ಎಂದ ಕೂಡಲೇ ಹಾಳು ಖರ್ಚು ಎಂದು ತಳ್ಳಿಹಾಕಬೇಡಿ. ಆಟ ಓಡಿಸುವ ಈ ಪೆಟ್ಟಿಗೆಯೇ ಪ್ರೋಗ್ರಾಮಿಂಗ್ ಕಲಿಸುತ್ತದೆ, ಆಟೊಕ್ಯಾಡ್ ಓಡಿಸುತ್ತದೆ, ವಿಡಿಯೊ ಎಡಿಟ್ ಮಾಡುತ್ತದೆ. ಮಕ್ಕಳಿಗೂ ಒಂದು ಮಾತು. ಮನೆಯವರು ಬೆವರು ಸುರಿಸಿದ ದುಡ್ಡು ಅದು. ಪ್ರತಿ ಬಿಡಿಭಾಗದ ಹೆಸರು, ಬಂದ ವರ್ಷ, ಬೆಲೆ, ಅದನ್ನೇ ಏಕೆ ಆರಿಸಿದಿರಿ ಎಂಬ ಕಾರಣ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಕಾರಣ ಬರೆಯಲಾಗದ ವಸ್ತು ಪಟ್ಟಿಯಲ್ಲಿದ್ದರೆ ಅದನ್ನು ಹೊಡೆದುಹಾಕಿ, ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೋ ಎಸ್‌ಎಂಪಿಎಸ್‌ಗೋ ಸೇರಿಸಿ.